ಫಾರ್ವರ್ಡ್ ಬೇಡ, ಫೋನೇ ತನ್ನಿ

"ಮೇಡಂ, ನಿಮ್ಮ ನಂಬರಿಗೆ ವಾಟ್ಸಾಪ್ ಮಾಡಿದ್ದೀನಿ. ಎಡಿಟ್ ಆಗಿದೆಯಾ ಇಲ್ವಾ ನೋಡಿ ಹೇಳಿಬಿಡಿ."

ಆಡಿಯೊ, ಫೋಟೊ, ವಿಡಿಯೊ ಪರೀಕ್ಷೆ ಮಾಡುವ ನಮ್ಮಂಥವರಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಹೀಗೇ ಶುರುವಾಗುತ್ತವೆ. ನಾನು ಕೇಳುವ ಮೊದಲ ಪ್ರಶ್ನೆಯೂ ಒಂದೇ. "ಇದನ್ನು ರೆಕಾರ್ಡ್ ಮಾಡಿದ ಫೋನ್ ಎಲ್ಲಿದೆ?" ಫೋನ್ ಎಕ್ಸ್‌ಚೇಂಜಿಗೆ ಕೊಟ್ಟಾಯ್ತು ಅನ್ನುತ್ತಾರೆ. ಸ್ಟೋರೇಜ್ ಫುಲ್ ಆಗಿತ್ತು, ಡಿಲೀಟ್ ಮಾಡಿದೆ ಅನ್ನುತ್ತಾರೆ. ಮಗ ರೀಸೆಟ್ ಹೊಡೆದುಬಿಟ್ಟ ಅನ್ನುತ್ತಾರೆ. ಆಮೇಲೆ ಸಮಾಧಾನದ ದನಿಯಲ್ಲಿ ಕೇಳುತ್ತಾರೆ: "ಪರವಾಗಿಲ್ಲ ಅಲ್ವಾ ಮೇಡಂ, ಅದೇ ತಾನೇ ವಾಟ್ಸಾಪ್‌ನಲ್ಲಿ ಇರೋದು?"

ಅದೇ ಅಲ್ಲ. ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ಮಾತು ಇದು. ಹಾಗಾಗಿ ಇವತ್ತು ಇದೊಂದನ್ನೇ ಬಿಡಿಸಿ ಹೇಳುತ್ತೇನೆ.

ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಒಪ್ಪಿದೆ. ಕಿವಿಗೂ ಅದೇ ಮಾತು ಕೇಳಿಸುತ್ತದೆ. ಆದರೆ ನಾವು ಪರೀಕ್ಷೆ ಮಾಡುವುದು ಕಣ್ಣಿಗೆ ಕಾಣುವುದನ್ನು ಮಾತ್ರ ಅಲ್ಲ. ಫೈಲು ಹುಟ್ಟುವಾಗ ಅದರ ಮೇಲೆ ಬಿದ್ದ ಗುರುತುಗಳನ್ನು ಹುಡುಕುತ್ತೇವೆ. ಫಾರ್ವರ್ಡ್ ಆದ ಫೈಲಿನಲ್ಲಿ ಮೊದಲು ಅಳಿಸಿಹೋಗುವುದು ಅವೇ. ಹಿಟ್ಟು ತಂದುಕೊಟ್ಟು, ಜೋಳದಲ್ಲಿ ಹುಳ ಇತ್ತಾ ಅಂತ ಕೇಳಿದರೆ ಏನು ಹೇಳೋದು?

ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ತಗೊಳ್ಳಿ. 4000ಕ್ಕೆ 3000 ಪಿಕ್ಸೆಲ್, ಮೂರ್ನಾಲ್ಕು ಎಂಬಿ ಇದೆ ಅಂದುಕೊಳ್ಳೋಣ. ಆ ಫೈಲಿನ ಶುರುವಿನಲ್ಲೇ ಎಕ್ಸಿಫ್ ಅನ್ನುವ ಮಾಹಿತಿ ಕೂತಿರುತ್ತದೆ. ಯಾವ ಕಂಪನಿಯ ಯಾವ ಮಾಡೆಲ್, ಎಷ್ಟು ಹೊತ್ತಿಗೆ ತೆಗೆದಿದ್ದು, ಶಟರ್ ಎಷ್ಟು ಹೊತ್ತು ತೆರೆದಿತ್ತು, ಲೊಕೇಶನ್ ಆನ್ ಇದ್ದರೆ ಯಾವ ಜಾಗ, ಎಲ್ಲ ಅಲ್ಲಿರುತ್ತದೆ. ಎಷ್ಟೋ ಫೈಲುಗಳ ಒಳಗೆ ಅದೇ ಚಿತ್ರದ ಒಂದು ಪುಟ್ಟ ಥಂಬ್‌ನೇಲ್ ಕೂಡ ಇರುತ್ತದೆ. ದೊಡ್ಡ ಚಿತ್ರವನ್ನು ತಿದ್ದಿದವರು ಈ ಪುಟ್ಟದನ್ನು ಮರೆತುಬಿಟ್ಟಿದ್ದರೆ, ಮೇಲಿನ ಚಿತ್ರದಲ್ಲಿ ಕಾಣೆಯಾದ ಮನುಷ್ಯ ಒಳಗಿನ ಚಿತ್ರದಲ್ಲಿ ಹಾಗೇ ನಿಂತಿರುತ್ತಾನೆ.

ಅದೇ ಫೋಟೊವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿ ನೋಡಿ. ಅಗಲದ ಪಿಕ್ಸೆಲ್ ಎಷ್ಟೋ ಕಮ್ಮಿಯಾಗಿರುತ್ತದೆ. ಎಂಬಿ ಹೋಗಿ ಕೆಬಿ ಆಗಿರುತ್ತದೆ. ಫೋನಿನ ಮಾಡೆಲ್, ತೆಗೆದ ಹೊತ್ತು, ಜಾಗ ಯಾವುದೂ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಹೆಸರೂ ಬದಲಾಗಿ ಐಎಂಜಿ, ಒಂದು ತಾರೀಖು, ಡಬ್ಲ್ಯೂಎ, ಒಂದು ನಂಬರು ಅಂತ ಆಗಿರುತ್ತದೆ. ಆ ತಾರೀಖನ್ನೇ ಹಿಡಿದು "ನೋಡಿ ಮೇಡಂ, ಆವತ್ತೇ ತೆಗೆದಿದ್ದು" ಅಂತ ಜಗಳಕ್ಕೆ ನಿಂತವರಿದ್ದಾರೆ. ಅದು ಫೋಟೊ ತೆಗೆದ ದಿನ ಅಲ್ಲ, ವಾಟ್ಸಾಪ್ ಆ ಫೈಲನ್ನು ಆ ಫೋನಿನಲ್ಲಿ ಇಟ್ಟ ದಿನ. ಹತ್ತು ವರ್ಷದ ಹಳೇ ಫೋಟೊವನ್ನು ಇವತ್ತು ಕಳಿಸಿದರೂ ಇವತ್ತಿನ ತಾರೀಖೇ ಬೀಳುತ್ತದೆ.

ಇನ್ನೂ ಒಳಗೆ ಹೋದರೆ ನಷ್ಟ ಇನ್ನೂ ಜಾಸ್ತಿ. ಜೆಪೆಗ್ ಅನ್ನುವ ಮಾದರಿಯ ಫೋಟೊ ಫೈಲನ್ನು ಕುಗ್ಗಿಸುವಾಗ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚಿಕ್ಕ ಚೌಕಗಳಾಗಿ ಒಡೆಯುತ್ತಾರೆ. ಪ್ರತಿ ಚೌಕದಲ್ಲಿ ಎಷ್ಟು ವಿವರ ಉಳಿಸಬೇಕು, ಎಷ್ಟು ಬಿಡಬೇಕು ಅನ್ನುವುದಕ್ಕೆ ಒಂದು ಕೋಷ್ಟಕ ಇರುತ್ತದೆ. ಈ ಕೋಷ್ಟಕ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ, ಸಾಫ್ಟ್‌ವೇರಿನಿಂದ ಸಾಫ್ಟ್‌ವೇರಿಗೆ ಬೇರೆ ಬೇರೆ. ಯಾರಾದರೂ ಫೋಟೊ ತೆರೆದು, ತಿದ್ದಿ, ಮತ್ತೆ ಸೇವ್ ಮಾಡಿದರೆ ಎರಡು ಸಲ ಕುಗ್ಗಿಸಿದ ಗುರುತು ಅಂಕಿಗಳಲ್ಲಿ ಉಳಿಯುತ್ತದೆ. ಒಂದು ಮುಖವನ್ನು ಬೇರೆ ಕಡೆಯಿಂದ ತಂದು ಅಂಟಿಸಿದ್ದರೆ ಆ ಜಾಗದ ಚೌಕಗಳು ಪಕ್ಕದ ಚೌಕಗಳ ಜೊತೆ ಹೊಂದುವುದಿಲ್ಲ. ಆದರೆ ವಾಟ್ಸಾಪ್ ಇಡೀ ಚಿತ್ರವನ್ನು ಚಿಕ್ಕದು ಮಾಡಿ ತನ್ನ ಕೋಷ್ಟಕದಲ್ಲಿ ಮತ್ತೆ ಕುಗ್ಗಿಸಿದಾಗ ಈ ವ್ಯತ್ಯಾಸ ಬಹುಪಾಲು ಮಾಸಿಹೋಗುತ್ತದೆ. ಆಮೇಲೆ ನನಗೆ ಕಾಣುವುದು ವಾಟ್ಸಾಪ್ ಮಾಡಿದ ಕೆಲಸ. ಅದಕ್ಕೂ ಮೊದಲು ಯಾರು ಏನು ಮಾಡಿದ್ದರು ಅನ್ನುವುದು ಅದರ ಅಡಿಯಲ್ಲಿ ಹೂತಿರುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ತಿದ್ದಬೇಕು. ಪ್ರತಿ ಫಾರ್ವರ್ಡಿಗೂ ಚಿತ್ರ ಕೆಡುತ್ತಾ ಹೋಗುತ್ತದೆ ಅಂತ ಹೇಳುವವರಿದ್ದಾರೆ. ವಾಟ್ಸಾಪ್ ಒಳಗಿನಿಂದ ಒಳಗೇ ಫಾರ್ವರ್ಡ್ ಒತ್ತಿದರೆ ಸಾಮಾನ್ಯವಾಗಿ ಅದೇ ಫೈಲು ದಾಟಿಹೋಗುತ್ತದೆ. ಕೆಡುವುದು ಮೊದಲ ಸಲ ಕಳಿಸುವಾಗ. ಅಂದರೆ ನೀವು ಒಬ್ಬರಿಗೆ ಕಳಿಸಿದರೂ ಅಷ್ಟೇ, ಊರಿಗೆಲ್ಲ ಕಳಿಸಿದರೂ ಅಷ್ಟೇ. ಆ ಮೊದಲ ಸಲವೇ ಆಗಬೇಕಾದ ನಷ್ಟ ಆಗಿಹೋಗಿರುತ್ತದೆ.

ಫೈಲು ಮಾತ್ರ ಸಾಲದು, ಫೋನೂ ಬೇಕು ಅನ್ನುವುದಕ್ಕೂ ಕಾರಣ ಇದೆ. ಕ್ಯಾಮೆರಾದ ಸೆನ್ಸರಿನಲ್ಲಿ ಕೋಟಿಗಟ್ಟಲೆ ಪುಟ್ಟ ಬಿಂದುಗಳಿವೆ. ಒಂದೇ ಬೆಳಕು ಬಿದ್ದರೂ ಒಂದು ಬಿಂದು ಕೂದಲೆಳೆಯಷ್ಟು ಜಾಸ್ತಿ ಹಿಡಿಯುತ್ತದೆ, ಇನ್ನೊಂದು ಕಮ್ಮಿ. ಕಾರ್ಖಾನೆಯಲ್ಲೇ ಬರುವ ಈ ಏರುಪೇರು ಆ ಕ್ಯಾಮೆರಾದ ಪ್ರತಿ ಫೋಟೊದಲ್ಲೂ ಅಡಗಿರುತ್ತದೆ. ಇದರಿಂದ ಕ್ಯಾಮೆರಾವನ್ನೇ ಪತ್ತೆಹಚ್ಚಬಹುದು ಅಂತ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಜೆಸ್ಸಿಕಾ ಫ್ರಿಡ್ರಿಕ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದರು. ಒಂದೇ ಮಾಡೆಲಿನ ಎರಡು ಫೋನುಗಳನ್ನೂ ಬೇರೆ ಮಾಡಬಹುದು. ಆದರೆ ಹೋಲಿಸಿ ನೋಡಲು ಅದೇ ಫೋನಿನಲ್ಲಿ ನಾವು ಖಾಲಿ ಗೋಡೆಯದ್ದೋ ಆಕಾಶದ್ದೋ ಕೆಲವು ಫೋಟೊ ತೆಗೆಯಬೇಕು. ಫೋನೇ ಮಾರಿದ್ದರೆ ಯಾವುದರಲ್ಲಿ ತೆಗೆಯೋಣ? ಈಗಿನ ಫೋನುಗಳು ನಾಲ್ಕಾರು ಫ್ರೇಮ್ ಸೇರಿಸಿ ಒಂದು ಫೋಟೊ ಮಾಡುವುದರಿಂದ ಈ ವಿಧಾನವೂ ಮೊದಲಿಗಿಂತ ಕಷ್ಟವಾಗಿದೆ. ಅದಕ್ಕೇ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಇನ್ನು ಆಡಿಯೊ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕರೆಂಟಿನ ಗುಂಯ್‌ ಸದ್ದು. ಫ್ಯಾನು, ಫ್ರಿಜ್ಜು, ಹಳೇ ಟ್ಯೂಬ್‌ಲೈಟಿನ ಚೋಕು, ಇವು ನಾವು ಗಮನಿಸದಷ್ಟು ಸಣ್ಣಗೆ ಸದ್ದು ಮಾಡುತ್ತಲೇ ಇರುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಅಲೆ ಅಂತ ಲೆಕ್ಕ. ಆದರೆ ಅದು 50ರಲ್ಲೇ ನಿಲ್ಲುವುದಿಲ್ಲ. ಬೇಡಿಕೆ ಏರಿದಾಗ ಚೂರು ಇಳಿಯುತ್ತದೆ, ಬೇಡಿಕೆ ಇಳಿದಾಗ ಚೂರು ಏರುತ್ತದೆ. 49.90ರಿಂದ 50.05ರ ಒಳಗೆ ಇಡಬೇಕು ಅಂತ ಗ್ರಿಡ್ (ಊರೂರಿಗೆ ಕರೆಂಟು ಸಾಗಿಸುವ ಜಾಲ) ನಿಯಮ. ಈ ಏರಿಳಿತ ಗ್ರಿಡ್ಡಿನ ಉದ್ದಗಲಕ್ಕೂ ಒಂದೇ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕೆವಿ ಲೈನು ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶದ ಜೊತೆ ಕೂಡಿಸಿತು. ಅಲ್ಲಿಂದೀಚೆಗೆ ಇಡೀ ದೇಶಕ್ಕೆ ಒಂದೇ ಗ್ರಿಡ್. ಅಂದರೆ ರಾತ್ರಿ ಎಂಟಕ್ಕೆ ದಾವಣಗೆರೆಯ ಒಂದು ಮನೆಯ ಫ್ಯಾನಿನ ಸದ್ದಿನಲ್ಲಿರುವ ಏರಿಳಿತ ಅದೇ ಹೊತ್ತಿಗೆ ದೆಹಲಿಯ ಒಂದು ಮನೆಯಲ್ಲೂ ಇರುತ್ತದೆ.

ರೆಕಾರ್ಡಿಂಗಿನಲ್ಲಿ ಈ ಸದ್ದು ಸಿಕ್ಕರೆ, ಸಾಕಷ್ಟು ಉದ್ದವೂ ಇದ್ದರೆ, ಗ್ರಿಡ್ಡಿನ ದಾಖಲೆ ಜೊತೆ ಹೋಲಿಸಿ ಯಾವಾಗ ರೆಕಾರ್ಡ್ ಆಗಿದ್ದು ಅಂತ ಅಂದಾಜು ಮಾಡಬಹುದು. ದಾಖಲೆ ಇಲ್ಲದಿದ್ದರೂ, ಮಧ್ಯೆ ಒಂದು ವಾಕ್ಯ ಕತ್ತರಿಸಿ ತೆಗೆದಿದ್ದರೆ ಅಲೆ ಅಲ್ಲಿ ಥಟ್ಟನೆ ಮುರಿಯುತ್ತದೆ. ಮಾತು ಕೇಳಿದರೆ ಏನೂ ಗೊತ್ತಾಗುವುದಿಲ್ಲ, ಫ್ಯಾನಿನ ಸದ್ದು ಹೇಳಿಬಿಡುತ್ತದೆ. ಎಲ್ಲ ಸಲವೂ ಇದು ಸಿಗುತ್ತದೆ ಅಂತಲ್ಲ. ಹೊಲದಲ್ಲಿ ನಿಂತು ಮಾಡಿದ ರೆಕಾರ್ಡಿಂಗಿನಲ್ಲಿ ಇರುವುದಿಲ್ಲ. ಇನ್ವರ್ಟರಿನ ಮೇಲೆ ಓಡುವ ಫ್ಯಾನು ಇನ್ವರ್ಟರಿನ ತಾಳವನ್ನು ಹಿಡಿಯುತ್ತದೆ, ಗ್ರಿಡ್ಡಿನದ್ದನ್ನಲ್ಲ. ಸಾಧಾರಣ ಫೋನ್ ಕರೆಯ ದನಿಯಲ್ಲಿ ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನದ್ದು ಬಹುಪಾಲು ಬಿಟ್ಟುಹೋಗುತ್ತದೆ.

ತಿಪಟೂರು ಕಡೆಯ ಅಣ್ಣತಮ್ಮಂದಿರಲ್ಲಿ ಅಣ್ಣ, ತಂದೆಯ ಮಾತಿನ ರೆಕಾರ್ಡಿಂಗ್ ತಂದಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ತೆಂಗಿನ ತೋಟ ಯಾರಿಗೆ ಅಂತ ತಂದೆ ತೀರಿಕೊಳ್ಳುವ ಮೊದಲು ಹೇಳಿದ ಮಾತು ಅದರಲ್ಲಿತ್ತು. ತಮ್ಮ ಹೇಳುವುದು, ಮಧ್ಯೆ ತಂದೆ ತನ್ನ ಹೆಸರು ಹೇಳಿದ್ದನ್ನು ಅಣ್ಣ ಕತ್ತರಿಸಿದ್ದಾನೆ ಅಂತ. ಅಣ್ಣನ ಮುಖ ನೋಡಿದರೆ ಸುಳ್ಳು ಹೇಳುವವರು ಅನ್ನಿಸಲಿಲ್ಲ, ಆದರೆ ನನ್ನ ಕೆಲಸದಲ್ಲಿ ಮುಖಕ್ಕೆ ಬೆಲೆ ಇಲ್ಲ. ಹಳೇ ಫೋನಿನಿಂದ ಹೊಸ ಫೋನಿಗೆ ಹೇಗೆ ಬಂತು ಅಂತ ಕೇಳಿದೆ. ಹಳೇ ಫೋನಿನಲ್ಲಿ ಪ್ಲೇ ಮಾಡಿ, ಹೊಸ ಫೋನಿನ ವಾಟ್ಸಾಪ್ ಮೈಕ್ ಒತ್ತಿ ಹಿಡಿದಿದ್ದರಂತೆ. ಅಲ್ಲಿಗೆ ಮುಗಿಯಿತು. ಆ ಫೈಲಿನಲ್ಲಿ ಮುರಿಯದ ಒಂದು ಸದ್ದು ಇತ್ತು, ನಿಜ. ಆದರೆ ಅದು ಎರಡನೇ ಸಲ ರೆಕಾರ್ಡ್ ಮಾಡಿದ ಕೋಣೆಯದ್ದು. ತಂದೆ ಮಾತಾಡಿದ ಹೊತ್ತಿನದ್ದಾಗಿರಬೇಕು ಅಂತೇನಿಲ್ಲ. ಕತ್ತರಿಸಿ ಆಮೇಲೆ ಪ್ಲೇ ಮಾಡಿದ್ದರೂ ಫೈಲು ಹೀಗೇ ಕಾಣುತ್ತಿತ್ತು. ಹಳೇ ಫೋನ್ ಅಂಗಡಿಯ ಎಕ್ಸ್‌ಚೇಂಜಿನಲ್ಲಿ ಯಾವತ್ತೋ ಹೋಗಿತ್ತು. "ಅಭಿಪ್ರಾಯ ಕೊಡಲು ಸಾಧ್ಯವಿಲ್ಲ" ಅಂತ ಬರೆದುಕೊಟ್ಟೆ. ಅಣ್ಣ ನಿಜವೇ ಹೇಳಿದ್ದರೂ ಅದನ್ನು ತೋರಿಸುವ ದಾರಿ ಉಳಿದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ಹಾಸನ ಕಡೆಯ ಒಬ್ಬ ಅಮ್ಮ ಬಂದಿದ್ದರು. ಓದು ಅಷ್ಟಿಲ್ಲ. ತೀರಿಹೋದ ಗಂಡನ ಫೋನನ್ನು ಸ್ವಿಚ್ ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಸಾಲ ತೀರಿದೆ ಅಂತ ಸಾಲ ಕೊಟ್ಟವನೇ ಒಪ್ಪಿಕೊಂಡ ಕರೆ ಅದರಲ್ಲಿತ್ತು. ಮಕ್ಕಳು ಕೇಳಿದರೂ ಯಾರ ಕೈಗೂ ಕೊಟ್ಟಿರಲಿಲ್ಲ. "ಅವರ ದನಿ ಇದೆ ಕಣಮ್ಮ, ಮುಟ್ಟಬೇಡಿ ಅಂದಿದ್ದೆ" ಅಂದರು. ಆ ಫೋನಿನಲ್ಲಿ ನನಗೆ ಬೇಕಾದ್ದೆಲ್ಲ ಇತ್ತು. ರೆಕಾರ್ಡಿಂಗ್ 6 ನಿಮಿಷ 12 ಸೆಕೆಂಡು. ಕಾಲ್ ಲಾಗಿನಲ್ಲಿ ಅದೇ ನಂಬರಿನ ಕರೆಯೂ ಅಷ್ಟೇ ಉದ್ದ, ಹೊತ್ತೂ ಹೊಂದುತ್ತಿತ್ತು. ಅದೇ ಫೋನಿನಲ್ಲಿ ನಾವು ಮಾಡಿದ ಪ್ರಯೋಗದ ರೆಕಾರ್ಡಿಂಗುಗಳ ಒಳರಚನೆ, ಈ ಫೈಲಿನ ಒಳರಚನೆ ಒಂದೇ ಆಗಿತ್ತು. ತೀರ್ಪು ಏನಾಗುತ್ತದೋ ಅದು ಕೋರ್ಟಿಗೆ ಬಿಟ್ಟದ್ದು. ಆದರೆ ಆ ಅಮ್ಮನ ಫೈಲಿನ ಬಗ್ಗೆ ನಾನು ಪುಟಗಟ್ಟಲೆ ಬರೆಯಲು ಸಾಧ್ಯವಾಯಿತು.

ಮೂಲ ವಸ್ತು ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ವೃತ್ತಿಯಲ್ಲಿ ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ ಅಧ್ಯಕ್ಷ ನಿಕ್ಸನ್ ಟೇಪು. 1972ರ ಜೂನ್ 20ರ ಮಾತುಕತೆಯ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಖಾಲಿ ಇತ್ತು. ಕೈತಪ್ಪಿ ಅಳಿಸಿಹೋಯಿತು ಅನ್ನುವ ವಿವರಣೆ ಬಂತು. ಕೋರ್ಟಿನ ಪರವಾಗಿ ಆರು ತಜ್ಞರು ಪರೀಕ್ಷೆ ಮಾಡಿ, ಕನಿಷ್ಠ ಐದು ಸಲ ಬೇರೆ ಬೇರೆಯಾಗಿ ಅಳಿಸಲಾಗಿದೆ ಅಂತ 1974ರಲ್ಲಿ ಹೇಳಿದರು. ಹೇಗೆ ಗೊತ್ತಾಯಿತು? ರೆಕಾರ್ಡರಿನ ಹೆಡ್ ಪ್ರತಿ ಸಲ ಶುರುವಾದಾಗ, ನಿಂತಾಗ ಟೇಪಿನ ಮೇಲೆ ಕಾಂತೀಯ ಗುರುತು ಬಿಟ್ಟಿತ್ತು. ಅವರ ಕೈಯಲ್ಲಿ ಮೂಲ ಟೇಪೂ ಇತ್ತು, ಅಳಿಸಿದ್ದಿರಬಹುದು ಅನ್ನಲಾದ ಊಹರ್ 5000 ಅನ್ನುವ ರೆಕಾರ್ಡರೂ ಇತ್ತು. ಆ ಟೇಪಿನ ಕಾಪಿಯನ್ನಷ್ಟೇ ಕೊಟ್ಟಿದ್ದರೆ ಆ ಕಾಂತೀಯ ಗುರುತುಗಳನ್ನು ನೋಡುವ ಅವಕಾಶವೇ ಅವರಿಗೆ ಇರುತ್ತಿರಲಿಲ್ಲ.

ಸಿಸಿಟಿವಿಯಲ್ಲೂ ಇದೇ ಗೋಳು. ಅಂಗಡಿಯ ಮಾನಿಟರ್ ಮೇಲೆ ಓಡುವ ವಿಡಿಯೊವನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡು ಬರುತ್ತಾರೆ. ನಂಬರ್ ಪ್ಲೇಟ್ ಓದಿಕೊಡಿ ಅನ್ನುತ್ತಾರೆ. ದಯವಿಟ್ಟು ಡಿವಿಆರ್‌ನಿಂದಲೇ (ಕ್ಯಾಮೆರಾದ ವಿಡಿಯೊ ಸೇವ್ ಆಗುವ ಪೆಟ್ಟಿಗೆ) ಎಕ್ಸ್‌ಪೋರ್ಟ್ ಮಾಡಿಸಿ, ಆ ವಿಡಿಯೊ ತೆರೆಯುವ ಪ್ಲೇಯರ್ ಸಾಫ್ಟ್‌ವೇರನ್ನೂ ಜೊತೆಗೆ ತನ್ನಿ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬೀಳುತ್ತದೆ, ಆದ್ದರಿಂದ ನಾಳೆ ನೋಡೋಣ ಅನ್ನಬೇಡಿ. ಡಿವಿಆರ್ ಗಡಿಯಾರ ತಪ್ಪಿರುವುದು ಮಾಮೂಲು. ಎಕ್ಸ್‌ಪೋರ್ಟ್ ಮಾಡುವಾಗಲೇ ಅದು ನಿಜವಾದ ಟೈಮಿಗಿಂತ ಎಷ್ಟು ಹಿಂದೆ ಮುಂದೆ ಇದೆ ಅಂತ ಬರೆದಿಟ್ಟುಕೊಳ್ಳಿ.

ಕಾನೂನಿನ ಮಾತು ನಿಮ್ಮ ವಕೀಲರನ್ನೇ ಕೇಳಿ, ನಾನು ವಕೀಲೆ ಅಲ್ಲ. ಆದರೂ ಸ್ವಲ್ಪ ಹೇಳುತ್ತೇನೆ. 2014ರ ಅನ್ವರ್ ಪ್ರಕರಣ ಅನ್ನುವ ಚುನಾವಣಾ ತಕರಾರಿನಲ್ಲಿ, ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ ಪ್ರಮಾಣಪತ್ರ ಇಲ್ಲದ ಸಿಡಿ ಕಾಪಿಗಳನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರಚಾರಕ್ಕೆ ಬಳಸಿದ ಸಿಡಿಗಳನ್ನೇ ವಶಪಡಿಸಿಕೊಂಡು ತಂದಿದ್ದರೆ ಮಾತು ಬೇರೆ ಇರುತ್ತಿತ್ತು ಅಂತಲೂ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಇಡೀ ಫೈಲನ್ನು ಲೆಕ್ಕ ಹಾಕಿ ತೆಗೆದ ಒಂದು ಸಂಕೇತ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಇದರಲ್ಲೂ ಒಂದು ಗೊಂದಲ ಶುರುವಾಗಿದೆ. "ಹ್ಯಾಶ್ ಹಾಕಿಸಿದ್ದೀವಿ, ಅಂದ್ರೆ ಒರಿಜಿನಲ್" ಅನ್ನುತ್ತಾರೆ. ಫಾರ್ವರ್ಡ್ ಆದ ಫೈಲಿಗೆ ಹ್ಯಾಶ್ ತೆಗೆದರೆ, ಅವತ್ತಿನಿಂದ ಆ ಫಾರ್ವರ್ಡ್ ಬದಲಾಗಿಲ್ಲ ಅಂತ ಮಾತ್ರ ಹೇಳಬಹುದು. ಅದಕ್ಕಿಂತ ಹಿಂದಿನದ್ದಕ್ಕೆ ಹ್ಯಾಶ್ ಹೊಣೆಯಲ್ಲ.

ಹಾಗೇ ನಮ್ಮ ವರದಿಯಲ್ಲಿ "ತಿದ್ದಿದ ಕುರುಹು ಕಂಡುಬಂದಿಲ್ಲ" ಅಂತಿದ್ದರೆ ಅದನ್ನು "ತಿದ್ದಿಲ್ಲ" ಅಂತ ಓದಬೇಡಿ. ಕುರುಹು ಉಳಿಯದಷ್ಟು ಸವೆದ ಫೈಲಿನಲ್ಲೂ ಕುರುಹು ಕಾಣುವುದಿಲ್ಲ.

ಈಗ ಏನು ಮಾಡಬೇಕು ಅಂತ ಕೇಳುವವರಿಗೆ: ರೆಕಾರ್ಡ್ ಮಾಡಿದ ಫೋನನ್ನು ಬಳಸುವುದು ನಿಲ್ಲಿಸಿ, ಲಾಕ್ ನಂಬರ್ ಬರೆದು ಬೇರೆ ಕಡೆ ಇಡಿ. ಫೈಲನ್ನು ಯಾವ ಆ್ಯಪ್‌ನಲ್ಲೂ ಟ್ರಿಮ್ ಮಾಡಬೇಡಿ, ಹೆಸರೂ ಬದಲಿಸಬೇಡಿ. ವಕೀಲರಿಗೆ ತುರ್ತಾಗಿ ಕಳಿಸಲೇಬೇಕಾದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಒಳಗಿನದ್ದು ಕುಗ್ಗದೆ ಹೋಗುತ್ತದೆ, ಆದರೂ ಮೂಲ ಫೋನ್ ಬೇಕೇ ಬೇಕು.

ಬೆದರಿಕೆಯೋ ಅಶ್ಲೀಲ ವಿಡಿಯೊವೋ ನಿಮಗೆ ವಾಟ್ಸಾಪ್‌ನಲ್ಲೇ ಬಂದಿದ್ದರೆ ಲೆಕ್ಕ ಬೇರೆ. ಅಲ್ಲಿ ನಿಮ್ಮ ಫೋನಿಗೆ ಬಂದ ಆ ಮೆಸೇಜೇ ನಿಮ್ಮ ಮೂಲ. ಯಾವ ನಂಬರಿನಿಂದ, ಎಷ್ಟು ಹೊತ್ತಿಗೆ ಬಂತು ಅನ್ನುವುದು ಫೋನಿನೊಳಗಿನ ಚಾಟ್ ದಾಖಲೆಯಲ್ಲಿ ಇರುತ್ತದೆ. ಹೆದರಿಕೆಗೋ ಅಸಹ್ಯಕ್ಕೋ ಸ್ಕ್ರೀನ್‌ಶಾಟ್ ಹೊಡೆದುಕೊಂಡು ಚಾಟ್ ಅಳಿಸುವ ಹೆಣ್ಣುಮಕ್ಕಳು ತುಂಬಾ ಜನ, ಅವರ ಸಂಕಟ ನನಗೆ ಅರ್ಥವಾಗುತ್ತದೆ. ನೋಡಲು ಆಗದಿದ್ದರೆ ಆ ಚಾಟನ್ನು ಆರ್ಕೈವ್ ಮಾಡಿ. ಅಳಿಸಬೇಡಿ. ಡಿಸಪಿಯರಿಂಗ್ ಮೆಸೇಜ್ (ಇಷ್ಟು ಹೊತ್ತಾದ ಮೇಲೆ ಮೆಸೇಜ್ ತಾನಾಗೇ ಅಳಿಯುವ ಸೆಟ್ಟಿಂಗ್) ಆನ್ ಆಗಿದ್ದರೆ ಅದನ್ನು ಇವತ್ತೇ ಆಫ್ ಮಾಡಿ. ಆಫ್ ಮಾಡಿದರೆ ಹೊಸದಾಗಿ ಬರುವುದಷ್ಟೇ ಉಳಿಯುತ್ತದೆ. ಆಗಲೇ ಬಂದದ್ದು ತನ್ನ ಹೊತ್ತಿಗೆ ಅಳಿದೇ ಹೋಗುತ್ತದೆ, ಆದ್ದರಿಂದ ಅಷ್ಟರೊಳಗೆ ಫೋನ್ ಹಿಡಿದುಕೊಂಡು ಪೊಲೀಸ್ ಠಾಣೆಗೆ ಹೋಗಿ.