ಪೀಪಾಯಿಯೂ ಕಾನೂನೂ: ಬೋರ್ಬನ್ ವಿಸ್ಕಿ ರೂಪುಗೊಂಡ ಬಗೆ

ಅಮೆರಿಕದ ಕಾನೂನಿನ ಪ್ರಕಾರ ಬೋರ್ಬನ್ ಎನಿಸಿಕೊಳ್ಳುವ ವಿಸ್ಕಿ ಆ ದೇಶದಲ್ಲೇ ತಯಾರಾಗಿರಬೇಕು. ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳವಿರಬೇಕು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಅದನ್ನು ಇಟ್ಟಿರಬೇಕು. ನೀರನ್ನು ಬಿಟ್ಟರೆ ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಬೆರೆಸುವಂತಿಲ್ಲ. ಭಟ್ಟಿಯಿಂದ ಇಳಿಯುವಾಗ ಆಲ್ಕೋಹಾಲಿನ ಪ್ರಮಾಣ ಶೇ 80ನ್ನೂ, ಪೀಪಾಯಿಗೆ ತುಂಬುವಾಗ ಶೇ 62.5ನ್ನೂ ಮೀರಬಾರದು. ಇಷ್ಟು ಬಿಗಿಯಾದ ನಿಯಮಗಳ ಹಿಂದೆ ದಶಕಗಟ್ಟಲೆ ನಡೆದ ಕಲಬೆರಕೆಯ ವ್ಯಾಜ್ಯವಿದೆ. ಇಂದಿನ ಬೋರ್ಬನ್ನಿಗೆ ಅದರ ರುಚಿಯನ್ನು ಕೊಟ್ಟಿದ್ದರಲ್ಲಿ ಭಟ್ಟಿಯವರ ಕೌಶಲಕ್ಕೆ ಎಷ್ಟು ಪಾಲಿದೆಯೋ ಆ ವ್ಯಾಜ್ಯಕ್ಕೂ ಅಷ್ಟೇ ಪಾಲಿದೆ ಎಂದು ನಾನು ನಂಬಿದ್ದೇನೆ.

18ನೇ ಶತಮಾನದ ಕೊನೆಯಲ್ಲಿ ಅಪಲೇಚಿಯನ್ ಬೆಟ್ಟಗಳನ್ನು ದಾಟಿ ಕೆಂಟಕಿಯಲ್ಲಿ ನೆಲೆಸಿದ ರೈತರಿಗೆ ಮೆಕ್ಕೆಜೋಳ ಧಾರಾಳವಾಗಿ ಕೈಗೆ ಬರುತ್ತಿತ್ತು, ಆದರೆ ಭಾರವಾದ ಆ ಕಾಳನ್ನು ದೂರದ ಪೇಟೆಗೆ ಸಾಗಿಸುವುದು ಕಷ್ಟವಾಗಿತ್ತು. ಭಟ್ಟಿ ಇಳಿಸಿದರೆ ಅದೇ ಬೆಳೆ ಕೆಡದ, ಹಗುರವಾದ, ಹೆಚ್ಚು ಬೆಲೆಯ ಸರಕಾಗಿ ಓಹಿಯೋ ಮತ್ತು ಮಿಸಿಸಿಪಿ ನದಿಗಳ ಮೂಲಕ ನ್ಯೂ ಆರ್ಲಿಯನ್ಸ್ ತಲುಪುತ್ತಿತ್ತು. ಬೋರ್ಬನ್ನನ್ನು ಮೊದಲು ಮಾಡಿದವರು ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಎಂಬ ಕಥೆ ಬಹಳ ಪ್ರಚಲಿತವಾಗಿದ್ದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಆಧಾರವಿರುವ ಸಂಗತಿಯನ್ನೇ ಬಹಳ ಕಾಲ ಯಾರೂ ಹೇಳಲಿಲ್ಲ: ಆ ಕಾಲದ ಅನೇಕ ಭಟ್ಟಿಗಳಲ್ಲಿ ದುಡಿದವರು ಗುಲಾಮಗಿರಿಯಲ್ಲಿದ್ದ ಕಪ್ಪು ಜನರು. ನೆರೆಯ ಟೆನೆಸಿಯಲ್ಲಿ, ಮುಂದೆ ತನ್ನದೇ ಹೆಸರಿನ ವಿಸ್ಕಿ ಕಂಪನಿ ಕಟ್ಟಿದ ಜ್ಯಾಕ್ ಡೇನಿಯಲ್‌ಗೆ ಭಟ್ಟಿಯ ಕೆಲಸ ಕಲಿಸಿದ ನೇಥನ್ ‘ನಿಯರೆಸ್ಟ್’ ಗ್ರೀನ್ ಅವರ ಹೆಸರನ್ನು ಆ ಕಂಪನಿ ತನ್ನ ಚರಿತ್ರೆಯಲ್ಲಿ ಎದ್ದುಕಾಣುವಂತೆ ಸೇರಿಸಿದ್ದು 2016ರ ನಂತರವೇ. ಇದು ಮದ್ಯದ ಚರಿತ್ರೆಯ ಅಡಿಟಿಪ್ಪಣಿಯಲ್ಲ, ಅದರ ಮುಖ್ಯ ಪಠ್ಯ.

19ನೇ ಶತಮಾನದ ಮೊದಲ ಭಾಗದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಕ್ರೋ ಎಂಬಾತ ತಯಾರಿಕೆಗೆ ಅಳತೆಯ ಶಿಸ್ತನ್ನು ತಂದನು. ಭಟ್ಟಿ ಇಳಿಸಿದ ಮೇಲೆ ಉಳಿಯುವ ಹುಳಿ ಗಂಜಿಯ ಒಂದು ಭಾಗವನ್ನು ಮುಂದಿನ ಬಾರಿಯ ಧಾನ್ಯಕ್ಕೆ ಸೇರಿಸಿದರೆ ಬೇಡದ ಬ್ಯಾಕ್ಟೀರಿಯಾಗಳು ಹತೋಟಿಯಲ್ಲಿದ್ದು, ಯೀಸ್ಟ್ ಚೆನ್ನಾಗಿ ಕೆಲಸ ಮಾಡಿ, ಪ್ರತಿ ಬಾರಿಯೂ ಹೆಚ್ಚುಕಡಿಮೆ ಒಂದೇ ರುಚಿ ಬರುತ್ತದೆ. ಈ ಕ್ರಮವನ್ನು ಕಂಡುಹಿಡಿದವನು ಅವನಲ್ಲ. ಅದನ್ನು ಪರೀಕ್ಷಿಸಿ ನೆಲೆಗೊಳಿಸಿದ ಶ್ರೇಯಸ್ಸು ಅವನದು. ಇಂದಿಗೂ ಬಹುತೇಕ ಬೋರ್ಬನ್ ತಯಾರಾಗುವುದು ಹೀಗೆಯೇ.

ಒಳ್ಳೆಯ ಸರಕಿಗೆ ಹೆಸರು ಬಂದೊಡನೆ ಅದರ ನಕಲೂ ಪೇಟೆಗೆ ಬಂತು. ಅಂತರ್ಯುದ್ಧದ ನಂತರದ ವರ್ಷಗಳಲ್ಲಿ ಸಗಟು ವ್ಯಾಪಾರಿಗಳು ರುಚಿಯಿಲ್ಲದ ಶುದ್ಧ ಮದ್ಯಸಾರಕ್ಕೆ ಸುಟ್ಟ ಸಕ್ಕರೆ, ಒಣ ಪ್ಲಮ್ ಹಣ್ಣಿನ ರಸ, ಕೆಲವೊಮ್ಮೆ ಹೊಗೆಸೊಪ್ಪನ್ನೂ ಬೆರೆಸಿ, ವರ್ಷಗಟ್ಟಲೆ ಪೀಪಾಯಿಯಲ್ಲಿಟ್ಟ ವಿಸ್ಕಿಯ ಹೆಸರಿನಲ್ಲಿಯೇ ಮಾರುತ್ತಿದ್ದರು. ಇದರ ವಿರುದ್ಧ ಕೆಂಟಕಿಯ ಫ್ರಾಂಕ್‌ಫರ್ಟಿನ ಭಟ್ಟಿ ಮಾಲೀಕ ಎಡ್ಮಂಡ್ ಹೇಯ್ನ್ಸ್ ಟೇಲರ್ ಮತ್ತಿತರರು ನಡೆಸಿದ ಪ್ರಯತ್ನದ ಫಲವಾಗಿ 1897ರಲ್ಲಿ ‘ಬಾಟಲ್ಡ್ ಇನ್ ಬಾಂಡ್’ ಕಾಯಿದೆ ಬಂತು: ಒಂದೇ ಭಟ್ಟಿಯಲ್ಲಿ, ಒಂದೇ ಹಂಗಾಮಿನಲ್ಲಿ ಇಳಿಸಿ, ಸರ್ಕಾರದ ಮೇಲ್ವಿಚಾರಣೆಯ ಗೋದಾಮಿನಲ್ಲಿ ಕನಿಷ್ಠ 4 ವರ್ಷ ಇಟ್ಟು, ಶೇ 50ರ ಆಲ್ಕೋಹಾಲ್ ಪ್ರಮಾಣದಲ್ಲಿ ಬಾಟಲಿಗೆ ತುಂಬಿದ ಮದ್ಯಕ್ಕೆ ಸರ್ಕಾರದ ಮುದ್ರೆ ಸಿಗುತ್ತಿತ್ತು. ಟೇಲರ್‌ಗೆ ಇದರಲ್ಲಿ ವ್ಯಾಪಾರದ ಸ್ವಾರ್ಥವಿತ್ತು, ನಿಜ. ಆದರೂ ಬಾಟಲಿಯಲ್ಲಿ ಏನಿದೆಯೆಂದು ಕೊಳ್ಳುವವನಿಗೆ ತಿಳಿಯಬೇಕೆಂಬ ತತ್ವ ಅಮೆರಿಕದ ಆಹಾರ ಕಾನೂನಿನಲ್ಲಿ 1906ರ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗಿಂತ ಮೊದಲೇ ಬೇರೂರಲು ಈ ಕಾಯಿದೆ ನೆರವಾಯಿತು. ‘ವಿಸ್ಕಿ ಎಂದರೇನು’ ಎಂಬ ಪ್ರಶ್ನೆ ಕೊನೆಗೆ ಅಧ್ಯಕ್ಷ ವಿಲಿಯಂ ಟಾಫ್ಟ್ ಅವರ ಮುಂದೆ ಹೋಯಿತು; 1909ರಲ್ಲಿ ಅವರು ಬೇರೆ ಮದ್ಯಸಾರ ಬೆರೆಸದ ನೇರ ವಿಸ್ಕಿಯನ್ನೂ ಬೆರೆಸಿದ ಮಿಶ್ರ ವಿಸ್ಕಿಯನ್ನೂ ಬೇರೆ ಬೇರೆಯಾಗಿ ನಮೂದಿಸಬೇಕೆಂದು ತೀರ್ಮಾನಿಸಿದರು.

1920ರಿಂದ 1933ರವರೆಗಿನ ಪಾನನಿಷೇಧ ಬಹುತೇಕ ಭಟ್ಟಿಗಳನ್ನು ಮುಚ್ಚಿಸಿತು. ವೈದ್ಯರ ಚೀಟಿಗೆ ಔಷಧವೆಂದು ವಿಸ್ಕಿ ಮಾರಲು ಪರವಾನಗಿ ಪಡೆದ ಕೆಲವೇ ಕಂಪನಿಗಳು ಉಳಿದವು. ಹೊಸ ಪೀಪಾಯಿಯ ಕಡ್ಡಾಯ ನಿಯಮ ಜಾರಿಗೆ ಬಂದದ್ದು ಆ ನಂತರ, 1930ರ ದಶಕದಲ್ಲಿ. ಓಕ್ ಮರವನ್ನು ಬೆಂಕಿಯಲ್ಲಿ ಸುಟ್ಟಾಗ ಮರವನ್ನು ಗಟ್ಟಿಯಾಗಿಸುವ ಲಿಗ್ನಿನ್ ಎಂಬ ಅಂಶ ಒಡೆದು ವ್ಯಾನಿಲಾ ಪರಿಮಳದ ವ್ಯಾನಿಲಿನ್ ಉಂಟಾಗುತ್ತದೆ, ಮರದೊಳಗಿನ ಸಕ್ಕರೆಗಳು ಕಂದುಬಣ್ಣಕ್ಕೆ ತಿರುಗುತ್ತವೆ, ಮೇಲಿನ ಇದ್ದಿಲಿನ ಪದರ ಗಂಧಕದ ವಾಸನೆಯನ್ನು ಹೀರುತ್ತದೆ. ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತದೆ. ಬೋರ್ಬನ್ನಿನ ಕೆಂಪುಗಂದು ಬಣ್ಣ ಪೂರ್ತಿಯಾಗಿ ಈ ಮರದ್ದೇ.

ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬೋರ್ಬನ್ನಿಗೆ ಒದಗದ ಕಾರಣ ಅವು ಸ್ಕಾಟ್ಲೆಂಡಿನ ಗೋದಾಮುಗಳನ್ನು ತುಂಬಿದವು. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯಲ್ಲಿ ಬಾರ್ಲಿ ಮಾಲ್ಟಿನಿಂದ ಮಾಡಿದ ವಿಸ್ಕಿ) ಹದಗೊಳ್ಳಲು ಇಂತಹ ಹಳೆಯ ಬೋರ್ಬನ್ ಪೀಪಾಯಿಗಳೂ ಬಳಕೆಯಾಗುತ್ತವೆ. ಬೆಂಗಳೂರಿನ ಬೆಚ್ಚನೆಯ ಹವೆಯಲ್ಲಿ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಮದ್ಯ ಆವಿಯಾಗುತ್ತದೆ, ಹದವೂ ಬೇಗ ಬರುತ್ತದೆ. ಇದರ ಜೊತೆಗೇ, ಭಾರತದಲ್ಲಿ ವಿಸ್ಕಿಯೆಂದು ಮಾರಾಟವಾಗುವ ಬಹಳಷ್ಟು ಮದ್ಯಕ್ಕೆ ಇಂದಿಗೂ ಕಾಕಂಬಿಯ ಮದ್ಯಸಾರವೇ ಆಧಾರವೆಂಬುದನ್ನು, ಅದಕ್ಕೆ ಯುರೋಪಿನಲ್ಲಿ ವಿಸ್ಕಿಯೆಂಬ ಹೆಸರಿಡಲು ಅನುಮತಿಯಿಲ್ಲವೆಂಬುದನ್ನು ನೆನೆಯಬೇಕು. 2025ರ ಫೆಬ್ರವರಿಯಲ್ಲಿ ಭಾರತ ಬೋರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಈಗಲಾದರೂ ಇಲ್ಲಿನ ಬಾಟಲಿಗಳ ಮೇಲೆ ಮದ್ಯಸಾರದ ಮೂಲವನ್ನು ಸ್ಪಷ್ಟವಾಗಿ ಮುದ್ರಿಸುವುದು ನ್ಯಾಯ.

ಪೀಪಾಯಿಯಿಂದ ಬಂದ ವ್ಯಾನಿಲಾ ಮತ್ತು ಸುಟ್ಟ ಸಕ್ಕರೆಯ ರುಚಿಯೇ ಬೋರ್ಬನ್ನನ್ನು ಅಡುಗೆಗೂ ತಂದಿತು. ಕೆಂಟಕಿಯಲ್ಲಿ ಬೋರ್ಬನ್ ಬೆರೆಸಿದ ಸಿಹಿ ಹೂರಣಕ್ಕೆ ಚಾಕೊಲೇಟ್ ಹೊದಿಸಿದ ಉಂಡೆಗಳು ಪ್ರಸಿದ್ಧ. ಫ್ರಾಂಕ್‌ಫರ್ಟಿನ ರೆಬೆಕಾ ರೂತ್ ಮಿಠಾಯಿ ಅಂಗಡಿಯ ರೂತ್ ಬೂ 1930ರ ದಶಕದಲ್ಲಿ ಅವನ್ನು ರೂಪಿಸಿದರು. ಪೆಕನ್ ಪೈ, ಬ್ರೆಡ್ ಪುಡಿಂಗಿನ ಮೇಲೆ ಸುರಿಯುವ ಬೆಣ್ಣೆಯ ಸಾಸ್, ಹಂದಿಮಾಂಸಕ್ಕೆ ಬಳಿಯುವ ಕಂದು ಸಕ್ಕರೆಯ ಪಾಕ ಇವೆಲ್ಲಕ್ಕೂ ಅದು ಒಗ್ಗುತ್ತದೆ. ಸುವಾಸನೆಯ ಅಂಶಗಳು ಆಲ್ಕೋಹಾಲಿನಲ್ಲಿ ಸುಲಭವಾಗಿ ಕರಗುವುದರಿಂದ ಒಂದೆರಡು ಚಮಚವೇ ಸಾಕಾಗುತ್ತದೆ. ಹಾಕುವಾಗ ಪಾತ್ರೆಯನ್ನು ಉರಿಯಿಂದ ಇಳಿಸಬೇಕು, ಇಲ್ಲವಾದರೆ ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ಕುದಿಸಿದರೆ ಮದ್ಯವೆಲ್ಲ ಹಾರಿಹೋಗುತ್ತದೆ ಎಂಬ ನಂಬಿಕೆ ತಪ್ಪು: ಅಮೆರಿಕದ ಕೃಷಿ ಇಲಾಖೆಯ ಅಂಕಿಗಳ ಪ್ರಕಾರ 15 ನಿಮಿಷ ಕುದಿಸಿದ ಮೇಲೂ ಸುಮಾರು ಶೇ 40ರಷ್ಟು, ಎರಡೂವರೆ ಗಂಟೆಯ ನಂತರವೂ ಸುಮಾರು ಶೇ 5ರಷ್ಟು ಆಲ್ಕೋಹಾಲ್ ಉಳಿದಿರುತ್ತದೆ. ಆದ್ದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಬಡಿಸುವ ಅಡುಗೆಯಲ್ಲಿ ಇದನ್ನು ಬಳಸಬಾರದು. ಅತಿಥಿಗಳಿಗೆ ಬಡಿಸುವಾಗ ಮೊದಲೇ ತಿಳಿಸಬೇಕು.