ಪದ ಪರಿಚಯ: ಪಾಷಂಡ, ಮತ್ತು ಖಾಲಿಯಾಗುವ ಪೀಠ

ಕಳೆದ ವಾರ ಮಂಡ್ಯದಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಕಬ್ಬಿನ ಬಾಕಿ, ಸುಟ್ಟುಹೋದ ಮೋಟಾರು ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿ ಕೇಳಿದರು: "ಲೋ ಮಗ, ವಾಟ್ಸಾಪಲ್ಲಿ ಒಂದು ಬಂದದೆ. ಫಾದರು ಪಾಷಂಡವಾದಿ ಆಗ್ಬುಟ್ರೆ ಆ ಕ್ಷಣಾನೇ ಅವ್ರ ಹುದ್ದೆ ಹೊಂಟೋಯ್ತದಂತೆ. ಅಂಗಾರೆ ನಮ್ ಪುಟ್ಟಿ ಮದ್ವೆ ಮಾಡ್ಸಿದ ಫಾದರು ಅಂಥೋರು ಅಂತ ನಾಳೆ ಗೊತ್ತಾದ್ರೆ, ಮದ್ವೆ ಕತೆ ಏನ್ಲಾ?"

ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಮೊದಲು ಪದ. ಚರ್ಚಿನ ವಿಶ್ವಾಸಕ್ಕೆ ಎದುರಾದ ನಂಬಿಕೆಗೆ ಇಂಗ್ಲಿಷಿನಲ್ಲಿ 'ಹೆರೆಸಿ' ಎನ್ನುತ್ತಾರೆ, ಅದಕ್ಕೇ ಕನ್ನಡದಲ್ಲಿ ಪಾಷಂಡವಾದ.

'ಪಾಷಂಡ' ಹುಟ್ಟಿದಾಗ ಬೈಗುಳವಾಗಿರಲಿಲ್ಲ. ಅಶೋಕನ 12ನೇ ಶಿಲಾಶಾಸನದಲ್ಲಿ 'ಪಾಸಂಡ' ಎಂದರೆ ಬರೀ ಪಂಥ. ತನ್ನ ಪಾಸಂಡವನ್ನು ಹೊಗಳುವ ಭರದಲ್ಲಿ ಪರರ ಪಾಸಂಡವನ್ನು ಹಳಿಯಬೇಡಿ ಎನ್ನುತ್ತಾನೆ ದೊರೆ. ಆ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಮುಂದೆ ಪುರಾಣಗಳ ಹೊತ್ತಿಗೆ ಅದೇ ಪದ ವೇದ ಬಿಟ್ಟವನನ್ನು ಬೈಯುವ ಮಾತಾಯಿತು. 'ಹೆರೆಸಿ'ಯ ಮೂಲವಾದ ಗ್ರೀಕಿನ 'ಹೈರೆಸಿಸ್' ಪದದ್ದೂ ಇದೇ ಹಣೆಬರಹ. ಅದರ ಮೂಲಾರ್ಥ ಆಯ್ಕೆ, ಆಮೇಲೆ ಒಂದು ಗುಂಪು. ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಭಾಗದಲ್ಲಿ ಫರಿಸಾಯರ ಪಂಗಡಕ್ಕೂ ಇದೇ ಪದ ಬಳಕೆಯಾಗಿದೆ, ಬೈಗುಳವಾಗಿ ಅಲ್ಲ. ದೂರದೂರದ ಎರಡು ನುಡಿಗಳಲ್ಲಿ ಎರಡು ಪದಗಳು ಒಂದೇ ದಾರಿ ಹಿಡಿದು ಕೆಟ್ಟವು. ಮೈಸೂರಿನ ಸಂತ ಫಿಲೋಮಿನಾ ಚರ್ಚು ನಿಂತಿರುವುದು ಅಶೋಕ ರಸ್ತೆಯಲ್ಲಿ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ಇದು ನೆನಪಾಗಿ ಒಳಗೊಳಗೇ ನಗು ಬರುತ್ತದೆ.

ಕೆಲವರು ಹೆರೆಸಿಯನ್ನು ಕನ್ನಡದಲ್ಲಿ 'ಭಿನ್ನಮತ' ಎಂದು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕನ್ನಡ ಪತ್ರಿಕೆ ಓದುವವರಿಗೆ ಭಿನ್ನಮತೀಯರು ಎಂದರೆ ರೆಸಾರ್ಟ್ ಸೇರಿದ ಶಾಸಕರು. ಆ ಶಾಸಕರ ಮಾತು ಮುಂದೆ ಬರುತ್ತದೆ, ಇರಲಿ.

ಕಥೋಲಿಕ ಧರ್ಮಸಭೆಯ (ಚರ್ಚಿನ) 1983ರ ಕಾನೂನು ಸಂಹಿತೆಯ 751ನೇ ವಿಧಿ ಪಾಷಂಡವಾದವನ್ನು ಬಿಗಿಯಾಗಿ ಕಟ್ಟಿಹಾಕಿದೆ. ಮನುಷ್ಯ ಜ್ಞಾನಸ್ನಾನ (ಬ್ಯಾಪ್ಟಿಸಮ್) ಪಡೆದವನಾಗಿರಬೇಕು. ದೇವರೇ ತಿಳಿಸಿದ್ದು, ನಂಬಲೇಬೇಕು ಎಂದು ಧರ್ಮಸಭೆ ಸಾರಿದ ಸತ್ಯವೊಂದನ್ನು ಅವನು ನಿರಾಕರಿಸಬೇಕು, ಇಲ್ಲವೇ ಸಂಶಯಿಸಬೇಕು. ಅದನ್ನೂ ಹಟ ಹಿಡಿದು ಮಾಡಬೇಕು. ಇಡೀ ವಿಧಿಯ ಜೀವ ಇರುವುದು ಆ 'ಹಟ'ದಲ್ಲಿ. ಭಾನುವಾರದ ಪ್ರಬೋಧನೆಯಲ್ಲಿ ತ್ರಿತ್ವವನ್ನು, ಅಂದರೆ ಒಬ್ಬ ದೇವರಲ್ಲಿ ಮೂವರು ಎಂಬುದನ್ನು, ವಿವರಿಸಲು ಹೋಗಿ ಎಡವಿದ ಗುರುಗಳು (ಫಾದರು) ಪಾಷಂಡವಾದಿಯಲ್ಲ. ತಿದ್ದಿದಾಗ ತಿದ್ದಿಕೊಂಡರೆ ಅದು ಬರೀ ತಪ್ಪು. ಇನ್ನು ಜ್ಞಾನಸ್ನಾನವನ್ನೇ ಪಡೆಯದ ನಮ್ಮ ಬೀದಿಯ ಹೋಟೆಲ್ ಯಜಮಾನರು ಏನೇ ನಂಬಲಿ, ಬಿಡಲಿ, ಈ ಕಾನೂನಿನ ಲೆಕ್ಕದಲ್ಲಿ ಪಾಷಂಡವಾದಿ ಆಗಲಾರರು.

ಈಗ ಹುದ್ದೆ. ಚಿಕ್ಕಪ್ಪನ ಊರಿನ ಗುರುನಿವಾಸದ ಜಗುಲಿಯಲ್ಲಿ ಒಂದು ಫಲಕವಿದೆ, ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು. ಧರ್ಮಕೇಂದ್ರ ನಡೆಸಿದ ಗುರುಗಳ ಹೆಸರು, 'ಇಂದ', 'ವರೆಗೆ'. ಕೊನೆಯ ಹೆಸರಿನ ಎದುರು 'ವರೆಗೆ' ಕಲಂ ಯಾವಾಗಲೂ ಖಾಲಿ. ಚಿಕ್ಕಪ್ಪನ ಪ್ರಶ್ನೆ ನಿಜಕ್ಕೂ ಆ ಖಾಲಿ ಜಾಗದ ಪ್ರಶ್ನೆ: ಗುರು ಪಾಷಂಡವಾದಿಯಾದರೆ ಅಲ್ಲಿ ಇಸವಿ ತಾನಾಗಿ ಮೂಡುತ್ತದೋ, ಯಾರಾದರೂ ಬರೆಯಬೇಕೋ?

ಇಲ್ಲಿ ಎಲ್ಲರೂ ಕಲಸಿಬಿಡುವ ಮೂರು ಸಂಗತಿಗಳಿವೆ. ಗುರುದೀಕ್ಷೆ ಒಂದು, ಅದು ಒಮ್ಮೆ ಆದರೆ ಅಳಿಯುವುದಿಲ್ಲ, ಯಾವ ಆದೇಶವೂ ಅದನ್ನು ಅಳಿಸಲಾರದು. ಹುದ್ದೆ ಇನ್ನೊಂದು, ಧರ್ಮಾಧ್ಯಕ್ಷರು (ಬಿಷಪ್) ಕೊಟ್ಟಿದ್ದು, ತೆಗೆಯಬಹುದಾದದ್ದು. ಮೂರನೆಯದು ಧರ್ಮಸಭೆಯೊಂದಿಗಿನ ಒಡನಾಟ. ಅದು ಕಡಿದರೆ ಬಹಿಷ್ಕಾರ. ಮೂರೂ ಒಟ್ಟಿಗೇ ಬೀಳಬೇಕೆಂದಿಲ್ಲ. 1979ರ ಡಿಸೆಂಬರಿನಲ್ಲಿ ರೋಮ್, ಹಾನ್ಸ್ ಕ್ಯೂಂಗ್ ಎಂಬ ಪಂಡಿತರಿಂದ ಕಥೋಲಿಕ ದೈವಶಾಸ್ತ್ರ ಕಲಿಸುವ ಪರವಾನಗಿ ಕಿತ್ತುಕೊಂಡಿತು. ಅವರನ್ನು ಬಹಿಷ್ಕರಿಸಲಿಲ್ಲ, 2021ರಲ್ಲಿ ತೀರಿಕೊಳ್ಳುವವರೆಗೂ ಅವರು ಗುರುವಾಗಿಯೇ ಇದ್ದರು.

ಪಾಷಂಡವಾದಕ್ಕೆ 1364ನೇ ವಿಧಿಯ ಶಿಕ್ಷೆ ತಾನಾಗಿ ತಗಲುವ ಬಹಿಷ್ಕಾರ, ಲ್ಯಾಟಿನ್ನಿನಲ್ಲಿ 'ಲಾತೆ ಸೆಂತೆಂತಿಯೆ'. ತೀರ್ಪಿಗಾಗಿ ಕಾಯುವಂತಿಲ್ಲ. ವಾಟ್ಸಾಪ್ ಪಂಡಿತರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಬಹಿಷ್ಕಾರ ಬೇರೆ, ಹುದ್ದೆ ಬೇರೆ. ಹುದ್ದೆಯ ಮಾತು ಬರುವುದು 194ನೇ ವಿಧಿಯಲ್ಲಿ. ಕಥೋಲಿಕ ವಿಶ್ವಾಸವನ್ನು ಬಹಿರಂಗವಾಗಿ ತೊರೆದವನು ಕಾನೂನಿನ ಬಲದಿಂದಲೇ ಹುದ್ದೆಯಿಂದ ತೆಗೆಯಲ್ಪಡುತ್ತಾನೆ ಎನ್ನುತ್ತದೆ ಅದು. 'ಬಹಿರಂಗವಾಗಿ' ಎಂಬುದನ್ನು ಗಮನಿಸಿ. ಕೋಣೆಯೊಳಗಿನ ಸಂಶಯ, ಡೈರಿಯಲ್ಲಿ ಗೀಚಿದ ಸಾಲು ಇಲ್ಲಿ ಲೆಕ್ಕಕ್ಕಿಲ್ಲ. ಅದರ ಬೆನ್ನಿಗೇ ಇನ್ನೊಂದು ಸಾಲು: ಅಧಿಕಾರವುಳ್ಳವರು ಘೋಷಿಸಿ ಖಚಿತಪಡಿಸದ ಹೊರತು ಈ ತೆಗೆದುಹಾಕುವಿಕೆಯನ್ನು ಜಾರಿ ಮಾಡುವಂತಿಲ್ಲ.

ಒಂದು ಕೈಯಲ್ಲಿ 'ತಾನಾಗಿ', ಇನ್ನೊಂದು ಕೈಯಲ್ಲಿ 'ಘೋಷಿಸಿದರೆ ಮಾತ್ರ'. ಇದೆಂಥ ಕಣ್ಣಾಮುಚ್ಚಾಲೆ ಎನಿಸಬಹುದು. ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಸಂವಿಧಾನದ 10ನೇ ಅನುಸೂಚಿಯ ಪ್ರಕಾರ ಸ್ವಇಚ್ಛೆಯಿಂದ ಪಕ್ಷ ತೊರೆದ ಶಾಸಕ ಅನರ್ಹ. ತೊರೆದನೋ ಇಲ್ಲವೋ ಎಂದು ತೀರ್ಮಾನಿಸುವವರು ಸ್ಪೀಕರ್. 2019ರ ಜುಲೈನಲ್ಲಿ ಅನರ್ಹರಾದ 17 ಮಂದಿಯಲ್ಲಿ ಹುಣಸೂರಿನವರೂ ಇದ್ದರು, ಕೆ.ಆರ್. ಪೇಟೆಯವರೂ ಇದ್ದರು. ಅವರು ಬಿಟ್ಟರು ಎಂದು ಊರಿನ ಕಟ್ಟೆಗಳೆಲ್ಲ ಮೊದಲೇ ತೀರ್ಪು ಕೊಟ್ಟಿದ್ದವು. ಆದರೂ ಕುರ್ಚಿ ಖಾಲಿ ಎಂದು ಬರೆಯಲು ಸ್ಪೀಕರ್ ಆದೇಶ ಬೇಕಾಯಿತು, ಅದು ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲೂ ನಿಲ್ಲಬೇಕಾಯಿತು. ಕಟ್ಟೆಯ ತೀರ್ಪು ಸರಿಯಿದ್ದರೂ ಅದು ಆದೇಶವಲ್ಲ.

ಹಳೆಯ ಸಂಹಿತೆ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಎದುರು ವಾದಕ್ಕೆ ಅನ್ಯಾಯವಾಗುತ್ತದೆ. 1917ರ ಸಂಹಿತೆಯ 188ನೇ ವಿಧಿ ಬಹಿರಂಗವಾಗಿ ವಿಶ್ವಾಸ ತೊರೆಯುವುದನ್ನು 'ಮೌನ ರಾಜೀನಾಮೆ' ಎಂದೇ ಎಣಿಸಿತ್ತು. ಬಾಯಿಬಿಟ್ಟು ಹೇಳದಿದ್ದರೂ ರಾಜೀನಾಮೆ ಕೊಟ್ಟಂತೆಯೇ, ಯಾವ ಘೋಷಣೆಯೂ ಇಲ್ಲದೆ ಹುದ್ದೆ ಖಾಲಿ. ಅದಕ್ಕೂ ಹಿಂದಿನ ಸಾಕ್ಷಿ ಬೇಕಾದರೆ ನೆಸ್ತೋರಿಯಸ್ ಇದ್ದಾನೆ. 428ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನಾದ ಇವನು ಮರಿಯಮ್ಮನವರನ್ನು 'ದೇವಮಾತೆ' ಎಂದು ಕರೆಯುವುದನ್ನು ವಿರೋಧಿಸಿದ. ಎಫೆಸ ಮಹಾಸಭೆ ಅವನನ್ನು ಪೀಠದಿಂದ ಇಳಿಸಿದ್ದು 431ರಲ್ಲಿ. ಆದರೆ 430ರಲ್ಲೇ ಪೋಪ್ ಸೆಲೆಸ್ಟೀನ್ ಬರೆದಿದ್ದರು: ನೆಸ್ತೋರಿಯಸ್ ಇಂಥ ಬೋಧನೆ ಶುರುಮಾಡಿದ ದಿನದಿಂದ ಯಾರನ್ನು ಬಹಿಷ್ಕರಿಸಿದ್ದಾನೋ ಅವರ್‍ಯಾರೂ ಬಹಿಷ್ಕೃತರಲ್ಲ. ಅಂದರೆ ಅಧಿಕಾರ ಸೋರಿಹೋಗಿದ್ದು ಬೋಧಿಸಿದ ದಿನವೇ, ಇಳಿಸಿದ ದಿನವಲ್ಲ ಎಂದು ಇದನ್ನು ಓದುವವರಿದ್ದಾರೆ. ತಳ್ಳಿಹಾಕುವಂಥ ವಾದವಲ್ಲ.

ಆದರೂ ನನಗೆ ಹೆಚ್ಚು ಪಾಠ ಕಲಿಸಿದ್ದು ಸಮೊಸಾಟದ ಪೌಲ. ಅಂತಿಯೋಕ್ಯದ ಧರ್ಮಾಧ್ಯಕ್ಷ. 268ರಲ್ಲಿ ಸುತ್ತಲಿನ ಧರ್ಮಾಧ್ಯಕ್ಷರೆಲ್ಲ ಸಭೆ ಸೇರಿ, ಇವನ ಬೋಧನೆ ಪಾಷಂಡವೆಂದು ಸಾರಿ, ಬೇರೊಬ್ಬನನ್ನು ನೇಮಿಸಿದರು. ಆಸಾಮಿ ಚರ್ಚಿನ ಮನೆ ಬಿಟ್ಟು ಏಳಲಿಲ್ಲ. ಕ್ವಾರ್ಟರ್ಸ್ ಖಾಲಿ ಮಾಡದ ನೌಕರನಂತೆ ನಾಲ್ಕು ವರ್ಷ ಕೂತ. ಕೊನೆಗೆ 272ರಲ್ಲಿ ಕ್ರೈಸ್ತನೇ ಅಲ್ಲದ ಚಕ್ರವರ್ತಿ ಔರೇಲಿಯನ್ನನ ಮುಂದೆ ದೂರು ಹೋಯಿತು. ಅವನು ದೈವಶಾಸ್ತ್ರಕ್ಕೆ ಕೈಹಾಕಲಿಲ್ಲ. ಇಟಲಿಯ ಮತ್ತು ರೋಮಿನ ಧರ್ಮಾಧ್ಯಕ್ಷರು ಯಾರೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡಿದ್ದಾರೋ ಮನೆ ಅವರದು ಎಂದ. ಘೋಷಣೆಯಾದ ಮೇಲೂ ಇಷ್ಟು ಪಾಡು. ಇನ್ನು ಘೋಷಣೆಯೇ ಇಲ್ಲದೆ, ಯಾರ ಕಿವಿಗೆ ಯಾವುದು ಪಾಷಂಡವಾಗಿ ಕೇಳಿತೋ ಅವರೇ ಪೀಠ ಖಾಲಿ ಎಂದರೆ ಊರಿಗೊಂದು ಪೀಠ, ಕೇರಿಗೊಂದು ಪೀಠವಾಗುತ್ತದೆ. 1983ರವರು ಘೋಷಣೆ ಬೇಕೆಂಬ ಆ ಎರಡನೇ ಸಾಲು ಸೇರಿಸಿದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು.

ಪುಟ್ಟಿಯ ಮದುವೆಗೆ ಬರೋಣ. ಜ್ಞಾನಸ್ನಾನವನ್ನು ಅಗತ್ಯ ಬಿದ್ದರೆ ಯಾರು ಕೊಟ್ಟರೂ ಸಿಂಧುವೇ. ಬಲಿಪೂಜೆಗೆ (ಮಾಸ್) ಗುರುದೀಕ್ಷೆ ಸಾಕು. ಮದುವೆ, ಪಾಪನಿವೇದನೆ ಹಾಗಲ್ಲ. ಅಲ್ಲಿ ದೀಕ್ಷೆಯ ಜೊತೆ ಅಧಿಕಾರವೂ ಬೇಕು, ಆ ಅಧಿಕಾರ ಅಂಟಿಕೊಂಡಿರುವುದು ಹುದ್ದೆಗೆ. ಚಿಕ್ಕಪ್ಪನ ದಿಗಿಲಿಗೆ ಬುಡವಿಲ್ಲದಿಲ್ಲ. ಅದಕ್ಕೆಂದೇ 144ನೇ ವಿಧಿ ಇದೆ: ಜನರೆಲ್ಲ ಒಟ್ಟಾಗಿ ತಪ್ಪು ತಿಳಿದಿದ್ದಾಗ, ಇಲ್ಲದ ಅಧಿಕಾರವನ್ನು ಧರ್ಮಸಭೆಯೇ ತುಂಬಿಕೊಡುತ್ತದೆ. ಇಡೀ ಊರು ಇವರೇ ನಮ್ಮ ಫಾದರ್ ಎಂದು ನಂಬಿ ತಾಳಿ ಕಟ್ಟಿಸಿದ್ದರೆ, ಆ ತಾಳಿ ಗಟ್ಟಿ. ತಾನಾಗಿ ತಗಲಿದ ಬಹಿಷ್ಕಾರ ಇನ್ನೂ ಘೋಷಣೆಯಾಗದಿದ್ದರಂತೂ, ಭಕ್ತರು ನ್ಯಾಯವಾದ ಕಾರಣಕ್ಕೆ ಸಂಸ್ಕಾರ ಕೇಳಿದಾಗ ಬಹಿಷ್ಕೃತ ಗುರು ಸಂಸ್ಕಾರ ನೀಡಬಾರದೆಂಬ ನಿಷೇಧವೇ ಅಷ್ಟರಮಟ್ಟಿಗೆ ಸುಮ್ಮನಾಗುತ್ತದೆ.

ಇದನ್ನೆಲ್ಲ ಕೇಳಿ ಚಿಕ್ಕಪ್ಪ ಸುಮ್ಮನಾಗಲಿಲ್ಲ. "ಅಂಗಾರೆ ಪೋಪೇ ಅಂಗಾದ್ರೆ?"

ಅಲ್ಲಿ ಗಂಟು. ಪ್ರಥಮ ಪೀಠವನ್ನು, ಅಂದರೆ ಪೋಪರನ್ನು, ಯಾರೂ ವಿಚಾರಣೆಗೆ ಒಳಪಡಿಸುವಂತಿಲ್ಲ ಎನ್ನುತ್ತದೆ 1404ನೇ ವಿಧಿ. ಹಾಗಾದರೆ ಘೋಷಿಸುವವರು ಯಾರು? ಹದಿನಾರನೇ ಶತಮಾನದ ದೈವಶಾಸ್ತ್ರಜ್ಞ ಕಯೆತಾನ್, ಪೋಪ್ ತಾನಾಗಿ ಬೀಳುವುದಿಲ್ಲ, ಧರ್ಮಸಭೆ ಇಳಿಸಬೇಕು ಎಂದರು. ಅವರ ನಂತರದ ಬೆಲ್ಲಾರ್ಮಿನ್, ಬಹಿರಂಗ ಪಾಷಂಡಿಯಾದ ಪೋಪ್ ಧರ್ಮಸಭೆಯ ಸದಸ್ಯನೇ ಅಲ್ಲ, ಸದಸ್ಯನಲ್ಲದವನು ಶಿರಸ್ಸು ಹೇಗಾದಾನು, ತಾನಾಗಿಯೇ ಬೀಳುತ್ತಾನೆ ಎಂದರು. ಬೆಲ್ಲಾರ್ಮಿನರ ಈ ಮಾತಿನ ಮೇಲೆ ಮನೆ ಕಟ್ಟಿಕೊಂಡವರು 'ಸೆದೆ ವಕಾಂತೆ' ಪಂಥದವರು. ಅಂದರೆ 'ಪೀಠ ಖಾಲಿ' ಎನ್ನುವವರು. 1958ರಲ್ಲಿ 12ನೇ ಪಿಯೂಸ್ ತೀರಿಕೊಂಡ ಮೇಲೆ ಪೋಪರೇ ಇಲ್ಲ ಎಂಬುದು ಅವರಲ್ಲಿ ಹೆಚ್ಚಿನವರ ಲೆಕ್ಕ. ಚಿಕ್ಕಪ್ಪನ ಫೋನಿಗೆ ಬಂದದ್ದು ಇದರದೇ ಮರಿ. ಅತ್ತ ರೋಮ್ ಏನು ಮಾಡುತ್ತದೆ ನೋಡಿ: ಫ್ರಾನ್ಸಿಸರನ್ನು ಪೋಪ್ ಎಂದು ಒಪ್ಪದ ಮಹಾಧರ್ಮಾಧ್ಯಕ್ಷ ವಿಗಾನೋ ಅವರಿಗೆ 2024ರಲ್ಲಿ ಭೇದದ, ಅಂದರೆ ಪೋಪರ ಅಧೀನತೆಯಿಂದ ಸಿಡಿದು ಬೇರೆಯಾದ, ಅಪರಾಧಕ್ಕೆ ತಗಲಿದ್ದೂ ತಾನಾಗಿ ತಗಲುವ ಬಹಿಷ್ಕಾರವೇ. ಆದರೂ ಅವರನ್ನು ಕರೆಸಿ, ಬರದಿದ್ದಾಗ ವಿಚಾರಣೆ ಮುಗಿಸಿ, ಜುಲೈನಲ್ಲಿ ಘೋಷಿಸಿದರು.

"ಅಂದ್ರೆ ಪೋಪಿನ ಹೆಸ್ರು ಮುಂದೆ 'ವರೆಗೆ' ಅಂತ ಬರೆಯೋನು ಯಾವನೂ ಇಲ್ಲ ಅನ್ನು."

"ಅವರೇ ರಾಜೀನಾಮೆ ಕೊಡ್ಬೇಕು, ಇಲ್ಲಾ ಮಣ್ಣಾಗ್ಬೇಕು ಚಿಕ್ಕಪ್ಪ. ಬೇರೆ ದಾರಿ ಕಾನೂನಿನ ಪುಸ್ತಕದಲ್ಲಿಲ್ಲ."

"ಓಗ್ಲಿ ಬುಡು, ಪುಟ್ಟಿ ಮದ್ವೆ ಗಟ್ಟಿ ಅಂದ್ಯಲ್ಲ," ಎಂದು ಅವರು ಫೋನ್ ಇಟ್ಟರು. ತ್ರೀ ಫೇಸ್ ಕರೆಂಟ್ ಬಂದಿತ್ತಂತೆ.