ಕಂಬವಿಲ್ಲದೆ ಹೂಗ್ಲಿ ದಾಟಿದ ಸೇತುವೆಗೆ ಎಲೆಯಡಿಕೆಯ ಕಾಟ

ಕೋಲ್ಕತ್ತದ ಹೌರಾ ಸೇತುವೆಗೆ ಈಗಿರುವ ರೂಪ ಬಂದದ್ದು ಹಡಗುಗಳ ಓಡಾಟದಿಂದಾಗಿ. 1874ರಲ್ಲಿ ಎಂಜಿನಿಯರ್ ಬ್ರಾಡ್‌ಫರ್ಡ್ ಲೆಸ್ಲಿ ಹೂಗ್ಲಿ ನದಿಗೆ ಕಟ್ಟಿಸಿದ ಸೇತುವೆ ತೇಲುದೋಣಿಗಳ ಮೇಲೆ ನಿಂತಿತ್ತು. ಹಡಗು ಬಂದಾಗ ಅದರ ನಡುಭಾಗವನ್ನು ಬಿಚ್ಚಿ 200 ಅಡಿ ದಾರಿ ಬಿಡಬೇಕಾಗಿತ್ತು. ಅಷ್ಟು ಹೊತ್ತೂ ಹೌರಾ ರೈಲು ನಿಲ್ದಾಣಕ್ಕೆ ಹೊರಟವರು ದಡದಲ್ಲೇ ಕಾಯಬೇಕಿತ್ತು. 1906ರ ಆಗಸ್ಟ್‌ನಲ್ಲಿ ಬಂದರಿನವರು ಎಣಿಸಿದಾಗ, ಅದರ ಮೇಲೆ ಸಾಗುತ್ತಿದ್ದ ವಾಹನಗಳಲ್ಲಿ 13ಕ್ಕೆ 8 ಪಾಲು ಎತ್ತಿನಗಾಡಿಗಳೇ ಆಗಿದ್ದವು.

ಹೊಸ ಸೇತುವೆಗಾಗಿ 1926ರಲ್ಲಿ ಕಾಯ್ದೆಯಾಯಿತು, ಕೆಲಸ ಆರಂಭವಾದದ್ದು ಮಾತ್ರ 1936ರಲ್ಲಿ. ನದಿಯೊಳಗೆ ಕಂಬ ನೆಟ್ಟರೆ ಹೂಳು ತುಂಬಿ ಹಡಗಿನ ದಾರಿ ಕೆಡುತ್ತದೆಂಬ ಅಳುಕಿದ್ದುದರಿಂದ ಎಂಜಿನಿಯರುಗಳು ಕ್ಯಾಂಟಿಲಿವರ್ ವಿನ್ಯಾಸವನ್ನು ಆರಿಸಿಕೊಂಡರು. ಎರಡೂ ದಡಗಳ ಗೋಪುರಗಳಿಂದ ನದಿಯ ಮೇಲೆ 468 ಅಡಿಯ ಒಂದೊಂದು ತೋಳು ಚಾಚಿಕೊಂಡಿದೆ. ಆ ತೋಳುಗಳ ತುದಿಗಳು ನಡುವಿನ 564 ಅಡಿಯ ಭಾಗವನ್ನು ಹೊರುತ್ತವೆ. ತೋಳು ಮುಂದಕ್ಕೆ ಬಾಗದಂತೆ ಗೋಪುರದ ಹಿಂದಿನ ಚೌಕಟ್ಟನ್ನು ನೆಲಕ್ಕೆ ಬಿಗಿಯಲಾಗಿದೆ. ಹೀಗೆ 1,500 ಅಡಿ ಅಗಲದ ನೀರಿನಲ್ಲಿ ಒಂದೂ ಕಂಬವಿಲ್ಲ. ಇಡೀ ಚೌಕಟ್ಟನ್ನು ನಟ್ಟು ಬೋಲ್ಟುಗಳಿಲ್ಲದೆ ರಿವೆಟ್ (ತುದಿಯನ್ನು ಬಡಿದು ಕೂರಿಸುವ ಲೋಹದ ಮೊಳೆ) ಹೊಡೆದೇ ಜೋಡಿಸಲಾಗಿದೆ.

ಎರಡನೆಯ ಮಹಾಯುದ್ಧ ಶುರುವಾಗಿ ಇಂಗ್ಲೆಂಡಿನ ಉಕ್ಕಿಗೆ ಕೊರತೆಯಾದಾಗ, ಬೇಕಾಗಿದ್ದ ಸುಮಾರು 26,500 ಟನ್ನುಗಳಲ್ಲಿ 23,000 ಟನ್ನಿನಷ್ಟನ್ನು ಟಾಟಾ ಕಂಪನಿ ಪೂರೈಸಿತು. ಜಪಾನಿನ ಬಾಂಬ್ ದಾಳಿಯ ಭಯವಿದ್ದುದರಿಂದ 1943ರ ಫೆಬ್ರುವರಿ 3ರಂದು ಸಮಾರಂಭದ ಗದ್ದಲವಿಲ್ಲದೆ ಸೇತುವೆ ಸಂಚಾರಕ್ಕೆ ತೆರೆಯಿತು. 1965ರಲ್ಲಿ ಇಟ್ಟ ರವೀಂದ್ರ ಸೇತು ಎಂಬ ಹೆಸರು ಕಡತದಲ್ಲಿದೆ, ಜನರ ಬಾಯಲ್ಲಿ ಅದು ಈಗಲೂ ಹೌರಾ ಸೇತುವೆಯೇ.

ಹಡಗುಗಳಿಗೆ ಇಷ್ಟು ಯೋಚಿಸಿ ದಾರಿ ಬಿಟ್ಟಿದ್ದರೂ 2005ರಲ್ಲಿ ಉಬ್ಬರದ ಹೊತ್ತಿನಲ್ಲಿ ಸರಕು ನೌಕೆಯೊಂದು ಕೆಳಗೆ ಸಿಕ್ಕಿಕೊಂಡು ಹಾನಿ ಮಾಡಿತು. ಆದರೆ ನಿತ್ಯದ ಕಾಟ ಬಂದದ್ದು ನಡೆದು ಹೋಗುವವರಿಂದ. ರಸ್ತೆಯನ್ನು ಮೇಲಿನ ಚೌಕಟ್ಟಿನಿಂದ ತೂಗುಹಾಕಿರುವ ಉಕ್ಕಿನ ತೊಲೆಗಳ ಬುಡ ಕಾಲುದಾರಿಯ ಪಕ್ಕದಲ್ಲೇ ಇದೆ. ಅಲ್ಲಿಗೆ ಬೀಳುವ ಎಲೆಯಡಿಕೆಯ ಉಗುಳಿನಲ್ಲಿರುವ ಸುಣ್ಣ ಮತ್ತು ಕಾಚು ಲೋಹವನ್ನು ತಿನ್ನುತ್ತವೆ. ಬುಡಕ್ಕೆ ರಕ್ಷಣೆಯಾಗಿ ಸುತ್ತಿದ್ದ ಉಕ್ಕಿನ ಹೊದಿಕೆ 2007ರಿಂದ ಕೆಲವೇ ವರ್ಷಗಳಲ್ಲಿ 6 ಮಿಲಿಮೀಟರಿನಿಂದ 3 ಮಿಲಿಮೀಟರಿಗೂ ಕಡಿಮೆಯಾದದ್ದನ್ನು ಬಂದರಿನ ಎಂಜಿನಿಯರುಗಳು ಗುರುತಿಸಿದರು. ಹಕ್ಕಿಗಳ ಹಿಕ್ಕೆಯನ್ನು ತೊಳೆಸಿ, ಬಣ್ಣ ಬಳಿಸಿ ತುಕ್ಕನ್ನು ತಡೆಯಬಹುದು; ಹಗಲಿರುಳು ಉಗುಳುವ ಜನರನ್ನು ತಡೆಯುವುದು ಅಷ್ಟು ಸುಲಭವಲ್ಲ. ಹೀಗಾಗಿ ಸೇತುವೆಯ ಉಸ್ತುವಾರಿ ಹೊತ್ತಿರುವ ಬಂದರು ಸಂಸ್ಥೆ, ಉಗುಳು ತಿನ್ನಲಾಗದ ಫೈಬರ್‌ಗ್ಲಾಸ್ ಕವಚಗಳನ್ನು ಆ ಬುಡಗಳಿಗೆ ತೊಡಿಸಿತು.